ಒಣಗಿದ ಹೊಂಡಕ್ಕೆ ಜೆಸಿಬಿ ಇಳಿಸುವ ಮೊದಲು

ಏಪ್ರಿಲ್ ಬಂತೆಂದರೆ ನನಗೆ ಬರುವ ಫೋನೆಲ್ಲ ಒಂದೇ ಥರ. ‘ಗುಡ್ಡದ ಮೇಲಿನ ಹೊಂಡ ಒಣಗಿದೆ ಸರ್, ಒಳಗೆ ಏನೂ ಇಲ್ಲ, ಜೆಸಿಬಿ ಬಿಟ್ಟು ಆಳ ಮಾಡಿ ಕಾಟ್ಲಾ ಮರಿ ಬಿಡೋಣ ಅಂತ.’ ಮೀನು ಸಾಕಣೆಗೆ ಸಲಹೆ ಕೊಡುವುದೇ ನನ್ನ ಕೆಲಸ, ಬೇಡ ಅನ್ನಲು ನನಗೇನು ಹುಚ್ಚಾ? ಆದರೆ ಆ ‘ಏನೂ ಇಲ್ಲ’ ಕೇಳಿದರೆ ಮೈ ಉರಿಯುತ್ತದೆ.

ಇಟಲಿಯ ಸಿಬಿಲ್ಲಿನಿ ಬೆಟ್ಟಗಳಲ್ಲಿ ಪಿಲಾಟೋ ಅಂತ ಒಂದು ಕೆರೆ ಇದೆ. 1,941 ಮೀಟರ್ ಎತ್ತರ, ಹೆಚ್ಚುಕಮ್ಮಿ ನಮ್ಮ ಮುಳ್ಳಯ್ಯನಗಿರಿ ತುದಿಯಷ್ಟು. ಅಲ್ಲೊಂದು ಕೆಂಪನೆಯ ಪುಟ್ಟ ಸೀಗಡಿಯಂಥ ಜೀವಿ. ಸುಮಾರು ಒಂದು ಸೆಂಟಿಮೀಟರ್ ಉದ್ದ, ಕಾಲೆಲ್ಲ ಮೇಲೆ ಮಾಡಿಕೊಂಡು ಅಂಗಾತ ಈಜುತ್ತದೆ. 1954ರಲ್ಲಿ ಅದನ್ನು ಕಂಡ ಮಾರ್ಕೆಸೋನಿ ಅವರ ಹೆಸರನ್ನೇ ಅದಕ್ಕೆ ಇಟ್ಟರು: ಕಿರೊಸೆಫಲಸ್ ಮಾರ್ಕೆಸೋನಿ. ಆ ಕೆರೆ ಬಿಟ್ಟರೆ ಬೇರೆಲ್ಲೂ ಇಲ್ಲ.

2017ರಲ್ಲಿ ಆ ಕೆರೆ ಒಣಗಿತು. ಈಜುತ್ತಿದ್ದವೆಲ್ಲ ಸತ್ತವು. ಆಮೇಲೆ ನೀರು ನಿಂತಾಗ ಮತ್ತೆ ಕಾಣಿಸಿಕೊಂಡವು! ಎಲ್ಲಿಂದ? ಮಣ್ಣಿನೊಳಗಿಂದ. ಇವುಗಳ ಮೊಟ್ಟೆಗೆ ಗಟ್ಟಿ ಸಿಪ್ಪೆ, ಒಳಗಿನ ಭ್ರೂಣ ಬೆಳೆಯೋದು ನಿಲ್ಲಿಸಿ ಸುಮ್ನೆ ಕೂತಿರುತ್ತದೆ. ಬಿಸಿಲು, ಹಿಮ ಎಲ್ಲ ತಡೆಯುತ್ತದೆ, ಬೂಟುಗಾಲನ್ನು ತಡೆಯಲ್ಲ. ಅದಕ್ಕೇ ಆ ಕೆರೆಯ ದಡಕ್ಕೆ ಯಾರೂ ಇಳಿಯುವಂತಿಲ್ಲ. ನೀರು ಹೋಗಿದೆ, ಜೀವ ಹೋಗಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗಲ್ಲ ಮಾರಾಯ್ರೆ.

ಹೊಸನಗರದ ಕಡೆ ಮೀನುಮರಿ ಮಾಡುವ ಹುಡುಗನೊಬ್ಬ ‘ಒಣ ಮಣ್ಣಲ್ಲಿ ಮೊಟ್ಟೆ ಬದುಕತ್ತಾ, ಸುಮ್ನೆ ಹೇಳ್ತೀರಿ’ ಅಂತ ನಕ್ಕ. ಅವನ ಹಿಂದಿನ ಶೆಲ್ಫಿನಲ್ಲೇ ಆರ್ಟೀಮಿಯಾ ಡಬ್ಬ. ಅದೂ ಇದೇ ಗುಂಪಿನದು, ಕಂದು ಪುಡಿಯ ಹಾಗಿರುವ ಒಣ ಮೊಟ್ಟೆ. ಉಪ್ಪುನೀರಿಗೆ ಹಾಕಿ ಗಾಳಿ ಬಿಟ್ಟರೆ ಮರುದಿನ ಮರಿ, ಅದನ್ನೇ ಇವನು ಮೀನುಮರಿಗೆ ಹಾಕೋದು. ತೋರಿಸಿದೆ. ‘ಅದು ಅಂಗಡೀದು ಸರ್’ ಅಂದ. ಒಳ್ಳೇ ಹುಡುಗ, ಏನು ಹೇಳೋದು!

ನಮ್ಮ ಸಹ್ಯಾದ್ರಿಯ ಜಂಬಿಟ್ಟಿಗೆ ಹಾಸಿನ ಮೇಲೆ ಮಳೆಗಾಲದಲ್ಲಿ ನಿಲ್ಲುವ ನೀರಿನಲ್ಲೂ ಈ ಗುಂಪಿನ ಜೀವಿಗಳು ಸಿಗುತ್ತವೆ. ನಿಮ್ಮ ಹೊಂಡದಲ್ಲಿ ಇದ್ದೇ ಇದೆ ಅಂತ ನಾನು ಹೇಳುತ್ತಿಲ್ಲ, ನೋಡದೆ ಹೇಳಲು ಬರುವುದಿಲ್ಲ. ಆದರೆ ಇದ್ದರೆ, ಮೀನು ಬಿಟ್ಟಿರೋ, ಮುಗೀತು. ಓಡಲು ಬಾರದ, ಮೇಲೆ ಚಿಪ್ಪೂ ಇಲ್ಲದ ಮೆತ್ತನೆ ಪ್ರಾಣಿ, ಮೀನಿಗೆ ಬಾಯಿಗೇ ಇಟ್ಟ ತುತ್ತು. ವರ್ಷಾವರ್ಷ ಒಣಗುವ ಕಡೆ ಮೀನು ಇರಲ್ಲ, ಅದಕ್ಕೇ ಇವು ಅಲ್ಲಿರೋದು.

ತೋಟದ ಕೃಷಿ ಹೊಂಡಕ್ಕೆ ಬೇಕಾದಷ್ಟು ಮೀನು ಬಿಡಿ, ನಾನೇ ಬಂದು ಲೆಕ್ಕ ಹಾಕಿಕೊಡುತ್ತೇನೆ. ಗುಡ್ಡದ ಮೇಲಿನದಕ್ಕೆ ಕೈ ಹಾಕುವ ಮೊದಲು ಒಂದು ಹಿಡಿ ಒಣ ಮಣ್ಣನ್ನು ಬೋಗುಣಿಗೆ ಹಾಕಿ, ಮಳೆನೀರು ಹೊಯ್ದು, ಒಂದು ವಾರ ದಿನಾ ಟಾರ್ಚ್ ಬಿಟ್ಟು ನೋಡಿ. ಏನೂ ಕಾಣಲಿಲ್ಲ ಅಂದರೂ ಒಂದೇ ಸಲಕ್ಕೆ ತೀರ್ಮಾನ ಬೇಡ, ಎಲ್ಲ ಮೊಟ್ಟೆಯೂ ಒಟ್ಟಿಗೆ ಒಡೆಯಲ್ಲ.