ಲೈಫ್ ಮಾಡೆಲ್ ಸ್ಲೈಡ್: ಗಾಜಿನ ಮೇಲೆ ನಿಂತ ಕಥೆ

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಬಗ್ಗೆ ಓದುವಾಗ ‘ಲೈಫ್ ಮಾಡೆಲ್ ಸ್ಲೈಡ್’ ಅನ್ನೋ ಮಾತು ಆಗಾಗ ಸಿಗುತ್ತದೆ. ಜನ ವೇಷ ಹಾಕಿಕೊಂಡು ಕಥೆಯ ಒಂದೊಂದು ದೃಶ್ಯಕ್ಕೂ ಅಲುಗಾಡದೆ ನಿಲ್ಲುತ್ತಾರೆ. ಅದನ್ನು ಫೋಟೋ ತೆಗೆದು, ಗಾಜಿನ ಮೇಲೆ ಅಚ್ಚು ಹಾಕಿ, ಕೈಯಲ್ಲಿ ಬಣ್ಣ ತುಂಬುತ್ತಾರೆ. ಆ ಗಾಜನ್ನು ‘ಮ್ಯಾಜಿಕ್ ಲ್ಯಾಂಟರ್ನ್’ ಅನ್ನೋ ದೀಪದ ಪೆಟ್ಟಿಗೆಗೆ ಹಾಕಿ ಪರದೆಯ ಮೇಲೆ ತೋರಿಸಿದರೆ ಅದೇ ಲೈಫ್ ಮಾಡೆಲ್ ಸ್ಲೈಡ್.

ಲ್ಯಾಂಟರ್ನ್ ಮಾತ್ರ ಇದಕ್ಕಿಂತ ತುಂಬಾ ಹಳೆಯದು. 1659ರಲ್ಲೇ ಹಾಲೆಂಡಿನ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಅದಕ್ಕೆ ಚಿತ್ರ ಬರೆದಿಟ್ಟಿದ್ದ. ಒಳಗೆ ದೀಪ, ಮುಂದೆ ಲೆನ್ಸು, ನಡುವೆ ತಲೆಕೆಳಗಾಗಿ ತೂರಿಸಿದ ಗಾಜು, ಅಷ್ಟೇ. ಮೊದಲು ಎಣ್ಣೆ ದೀಪ ಇತ್ತು, ದೊಡ್ಡ ಹಾಲ್‌ಗೆ ಅದರ ಬೆಳಕು ಸಾಲುತ್ತಿರಲಿಲ್ಲ. ಆಮೇಲೆ ಸುಣ್ಣದ ತುಂಡಿಗೆ ಆಕ್ಸಿಜನ್, ಹೈಡ್ರೋಜನ್ ಸೇರಿದ ಉರಿ ತಾಗಿಸಿ ಕಣ್ಣು ಕುಕ್ಕುವ ಬೆಳಕು ಮಾಡಿದರು. ಆ ಗ್ಯಾಸನ್ನು ದೊಡ್ಡ ಚೀಲದಲ್ಲಿ ತುಂಬಿ, ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಭಾರ ಹೇರುತ್ತಿದ್ದರು. ಕೆಲವೊಮ್ಮೆ ಅದು ಸಿಡಿಯುತ್ತಿತ್ತು. ನೀತಿಕಥೆ ನೋಡೋಕೆ ಹೋದವರ ಪಕ್ಕದಲ್ಲೇ ಒಂದು ಬಾಂಬು ಇದ್ದ ಹಾಗೆ, ಅಲ್ವಾ!

ಬ್ರಿಟನ್ನಿನ ಸ್ಲೈಡು ಮೂರೂಕಾಲು ಇಂಚಿನ ಚೌಕ. ಬಣ್ಣ ಅಳಿಸಿಹೋಗದ ಹಾಗೆ ಮೇಲೊಂದು ಗಾಜು ಮುಚ್ಚಿ, ಅಂಚಿಗೆ ಕಪ್ಪು ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಮೇಲಿನ ಎರಡು ಮೂಲೆಗೆ ಬಿಳಿ ಚುಕ್ಕೆ. ಕತ್ತಲಲ್ಲಿ ಕೆಲಸ ಮಾಡುವವನಿಗೆ ಯಾವ ಕಡೆ ಮೇಲೆ, ಯಾವುದು ಮುಂದೆ ಅಂತ ಗೊತ್ತಾಗಬೇಕಲ್ಲ, ಅದಕ್ಕೆ.

ಈ ಕೆಲಸದಲ್ಲಿ ದೊಡ್ಡ ಹೆಸರು ಯಾರ್ಕ್‌ಶೈರಿನ ಹೋಮ್‌ಫರ್ತ್ ಊರಿನ ಜೇಮ್ಸ್ ಬ್ಯಾಮ್‌ಫರ್ತ್‌ದು. 1870ರಲ್ಲಿ ಫೋಟೋ ಸ್ಟುಡಿಯೋ ಇಟ್ಟವನು ಮುಂದೆ ಸ್ಲೈಡಿಗೆ ಇಳಿದ. ಹಿಂದಿನ ಪರದೆಗಳನ್ನು ತಾನೇ ಬರೆದ. ನಟರನ್ನು ಹುಡುಕಿಕೊಂಡು ಲಂಡನ್ನಿಗೆ ಹೋಗಲಿಲ್ಲ, ಮನೆಯವರು, ಕೆಲಸದವರು, ಅಕ್ಕಪಕ್ಕದವರನ್ನೇ ಕರೆದು ನಿಲ್ಲಿಸಿದ. ಹಾಗಾಗಿ ಹಳೆಯ ಸ್ಲೈಡ್ ಸೆಟ್ಟುಗಳನ್ನು ನೋಡಿದರೆ ಕುಡುಕನ ಮನೆ ಬರೀ ಚಪ್ಪಟೆಯಾದ ಬಣ್ಣದ ಬಟ್ಟೆ, ಅದರ ಮುಂದೆ ಕೂತವರ ಮುಖ ಮಾತ್ರ ನಿಜವಾದ ಊರ ಜನರದ್ದು. ನನಗೆ ಇಷ್ಟ ಆಗೋದು ಇದೇ.

ಯಾವ ಕಥೆಗಳು? ಮುಖ್ಯವಾಗಿ ಕುಡಿತ ಬಿಡಿಸುವ ಕಥೆಗಳು. 1847ರಲ್ಲಿ ಲೀಡ್ಸ್‌ನಲ್ಲಿ ಶುರುವಾದ ‘ಬ್ಯಾಂಡ್ ಆಫ್ ಹೋಪ್’ ಅನ್ನೋ ಸಂಘ ಮಕ್ಕಳಿಗೆ ಚಿಕ್ಕಂದಿನಲ್ಲೇ ಹೆಂಡ ಮುಟ್ಟಲ್ಲ ಅಂತ ಮಾತು ಕೊಡಿಸುತ್ತಿತ್ತು, ಅವರ ಸಭೆಗಳಿಗೆ ಲ್ಯಾಂಟರ್ನ್ ಬೇಕೇ ಬೇಕು. ಬಹಳ ಓಡಿದ ಒಂದು ಕಥೆ ‘ಬೈ ಯುವರ್ ಓನ್ ಚೆರೀಸ್’. ಒಬ್ಬ ಬಡಗಿ ದುಡಿದದ್ದನ್ನೆಲ್ಲ ಹೆಂಡದಂಗಡಿಗೆ ಸುರಿಯುತ್ತಾನೆ. ಒಂದು ದಿನ ಅದೇ ಅಂಗಡಿಯಲ್ಲಿ ಚೆರಿ ಹಣ್ಣು ಕಂಡು ತನ್ನ ಮಕ್ಕಳಿಗೂ ನಾಲ್ಕು ಸಿಕ್ಕಿದ್ದರೆ ಅನ್ನಿಸುತ್ತದೆ. ಅಂಗಡಿಯಾಕೆ ನಿನ್ನ ಹಣ್ಣು ನೀನೇ ಕೊಂಡುಕೋ ಅಂತಾಳೆ. ಅವನ ದುಡ್ಡಲ್ಲೇ ಬದುಕುವವಳ ಬಾಯಲ್ಲಿ ಈ ಮಾತು! ಅವನು ಕುಡಿತ ಬಿಡುತ್ತಾನೆ, ಮನೆ ಸುಧಾರಿಸುತ್ತದೆ. ಪಾದ್ರಿಯ ಉಪದೇಶಕ್ಕಲ್ಲ, ಮಾನ ಹೋದದ್ದಕ್ಕೆ ಬದಲಾದ. ಅದಕ್ಕೇ ಈ ಕಥೆ ಜನರಿಗೆ ನಾಟಿತು ಅನ್ನಿಸುತ್ತದೆ. 1904ರಲ್ಲಿ ಬ್ರಿಟನ್ನಿನ ಮೊದಮೊದಲ ಸಿನಿಮಾದವರಲ್ಲಿ ಒಬ್ಬನಾದ ರಾಬರ್ಟ್ ಪಾಲ್ ಇದನ್ನೇ ಸಿನಿಮಾ ಮಾಡಿದ.

ಸಾಹಸದ ಕಥೆಗಳೂ ಇದ್ದವು. ‘ಜೇನ್ ಕಾಂಕ್ವೆಸ್ಟ್’ ತಗೊಳ್ಳಿ. ಚಳಿಗಾಲದ ಬಿರುಗಾಳಿ ರಾತ್ರಿ, ಗಂಡ ಕಡಲಿಗೆ ಹೋಗಿದ್ದಾನೆ, ಮಗುವಿಗೆ ಕಾಯಿಲೆ. ಕಿಟಕಿಯಿಂದ ನೋಡಿದರೆ ದೂರದಲ್ಲಿ ಹಡಗು ಉರಿಯುತ್ತಿದೆ. ಮಗುವನ್ನು ಬಿಟ್ಟು ಹಿಮದಲ್ಲಿ ಓಡಿ ಚರ್ಚಿನ ಗಂಟೆ ಬಾರಿಸಿ ಊರನ್ನು ಎಬ್ಬಿಸಬೇಕೇ, ಬೇಡವೇ? ಸಾಹಸ ಅನ್ನೋದರ ಒಳಗೂ ನೀತಿಯನ್ನೇ ತುರುಕಿದ್ದಾರೆ ನೋಡಿ.

ಇದನ್ನು ಸುಮ್ನೆ ಸಿನಿಮಾದ ಹಿಂದಿನ ಮೆಟ್ಟಿಲು ಅಂದುಬಿಡುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಹರಿಕಥೆಗೆ ಇದು ಹೆಚ್ಚು ಹತ್ತಿರ. ಸ್ಲೈಡಿನ ಜೊತೆ ಕಥೆಯ ಪುಟ್ಟ ಪುಸ್ತಕ ಇರುತ್ತಿತ್ತು, ಎಲ್ಲಿ ಗಾಜು ಬದಲಿಸಬೇಕು ಅಂತ ಅದರಲ್ಲಿ ನಂಬರು. ಒಬ್ಬರು ನಿಂತು ಗಟ್ಟಿಯಾಗಿ ಓದುತ್ತಾರೆ, ಸನ್ನೆ ಸಿಕ್ಕ ಕೂಡಲೇ ಹಿಂದಿದ್ದವನು ಮುಂದಿನ ಗಾಜು ತಳ್ಳುತ್ತಾನೆ. ನಡುವೆ ಹಾಡಿನ ಸಾಲುಗಳೇ ಪರದೆಗೆ ಬರುತ್ತವೆ, ಹಾಲ್ ಪೂರ್ತಿ ದನಿಗೂಡಿಸುತ್ತದೆ. ಓದುವವನು ಚೆನ್ನಾಗಿದ್ದರೆ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ, ಅವನು ಸಪ್ಪೆಯಾದರೆ ಎಂಥಾ ಸ್ಲೈಡೂ ದಂಡ.

ಚಿತ್ರಕ್ಕೂ ಅದರದೇ ಶಕ್ತಿ ಇತ್ತು ಅನ್ನಿ. ಸ್ಕಾಟ್ಲೆಂಡಿನ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಆಫ್ರಿಕಾದ ಒಳನಾಡಿಗೆ ಒಂದು ಲ್ಯಾಂಟರ್ನ್ ಹೊತ್ತುಕೊಂಡು ಹೋಗಿದ್ದ. 1854ರಲ್ಲಿ ಶಿಂಟೆ ಅನ್ನೋ ನಾಯಕನ ಮುಂದೆ, ಬೈಬಲಿನ ಅಬ್ರಹಾಮ ಮಗನ ಮೇಲೆ ಕತ್ತಿ ಎತ್ತಿದ ಚಿತ್ರ ತೋರಿಸಿದ. ಸ್ಲೈಡು ಜರುಗಿಸುವಾಗ ಎತ್ತಿದ ಕತ್ತಿ ತಮ್ಮ ಕಡೆಗೇ ಬಂದಂತೆ ಕಂಡು, ಹೆಂಗಸರು ಅಮ್ಮಾ ಅಂತ ಕೂಗಿಕೊಂಡು ಓಡಿಹೋದರಂತೆ. ಶಿಂಟೆ ಮಾತ್ರ ಕದಲದೆ ಕೂತು ನೋಡಿ, ಆಮೇಲೆ ಆ ಯಂತ್ರವನ್ನೇ ಪರೀಕ್ಷೆ ಮಾಡಿದ.

ಸಿನಿಮಾ ಬಂದ ಮೇಲೆ ಈ ವ್ಯಾಪಾರ ಇಳಿಯಿತು. ಬ್ಯಾಮ್‌ಫರ್ತ್ ಕಂಪನಿ ಸುಮ್ಮನೆ ಕೂರಲಿಲ್ಲ, ಅದೇ ಬಗೆಯ ಫೋಟೋಗಳನ್ನು ಹಾಡಿನ ಸಾಲುಗಳ ಜೊತೆ ಪೋಸ್ಟ್‌ಕಾರ್ಡ್ ಮಾಡಿ ಮಾರಿತು. ಆಮೇಲೆ ಆ ಕಂಪನಿಗೆ ಹೆಸರು ತಂದುಕೊಟ್ಟದ್ದು ಕಡಲತೀರದ ಅಂಗಡಿಗಳಲ್ಲಿ ಸಿಗುತ್ತಿದ್ದ ಪೋಲಿ ಜೋಕಿನ ಪೋಸ್ಟ್‌ಕಾರ್ಡುಗಳು.