ಅನುದಾನದ ವರ್ಷವೂ ಕೊಡಗಿನ ಮಳೆಗಾಲವೂ

ನಾಟಕ ತಂಡಗಳಿಗೆ ಸರ್ಕಾರ ದುಡ್ಡು ಕೊಡಬೇಕಾ? ಕೊಟ್ಟರೆ ಯಾರಿಗೆ, ಯಾವ ಲೆಕ್ಕದಲ್ಲಿ? ಮಡಿಕೇರಿಯಲ್ಲಿ ನಾಟಕದ ಹುಚ್ಚಿರುವ ನಾಲ್ಕು ಜನ ಕಾಫಿಗೆ ಕೂತರೆ ಈ ಮಾತು ಬಂದೇ ಬರುತ್ತದೆ. ಐದು ನಿಮಿಷಕ್ಕೆಲ್ಲ ಗೋಜಲಾಗುತ್ತದೆ. ಒಬ್ಬರ ತಲೆಯಲ್ಲಿ ಕಂಪನಿ ನಾಟಕ ಇರುತ್ತದೆ, ಇನ್ನೊಬ್ಬರ ತಲೆಯಲ್ಲಿ ರೆಪರ್ಟರಿ. ಬಾಯಲ್ಲಿ ಬರುವುದು ಮಾತ್ರ ಒಂದೇ ಪದ, ‘ವೃತ್ತಿ ತಂಡ’. ಮೂರನೆಯವರು ಮಡಿಕೇರಿ ದಸರಾಕ್ಕೆ ಬರುವ ದುಡ್ಡನ್ನೂ ಇದಕ್ಕೇ ಸೇರಿಸಿಬಿಡುತ್ತಾರೆ. ಅದು ಬೇರೆಯೇ ಬಾಬ್ತು.

ಕಂಪನಿ ಅಂದರೆ ಟಿಕೆಟ್ ದುಡ್ಡಿನಲ್ಲಿ ಬದುಕುವ ತಂಡ. ಜಾತ್ರೆ ನೋಡಿಕೊಂಡು ಕ್ಯಾಂಪ್ ಹಾಕುವುದು, ಕಲೆಕ್ಷನ್ ಇರುವಷ್ಟು ದಿನ ಆಡುವುದು, ಬಿದ್ದ ದಿನ ಗಂಟುಮೂಟೆ ಕಟ್ಟುವುದು. ರೆಪರ್ಟರಿ ಅಂದರೆ ಕಲಾವಿದರಿಗೆ ತಿಂಗಳ ಸಂಬಳ ಕೊಟ್ಟು ವರ್ಷಕ್ಕೆ ಕೆಲವು ನಾಟಕ ಕಟ್ಟುವ ತಂಡ. ಆ ಸಂಬಳ ಹೆಚ್ಚಿನ ಕಡೆ ಬರುವುದು ಅನುದಾನದಿಂದ.

ಹಳೆ ಮೈಸೂರಿನಲ್ಲಿ ಅರಮನೆ ನಾಟಕವನ್ನು ಸಾಕಿತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ಟಿಕೆಟ್ ಕೊಂಡ ಜನ ಸಾಕಿದರು. ಕೊಡಗಿನಲ್ಲಿ ಅರಮನೆಯ ಆಸರೆ 1834ಕ್ಕೇ ಮುಗಿದಿತ್ತು. ರಾಜರು ಹೋಗಿ ಬ್ರಿಟಿಷರು ಬಂದಿದ್ದರು. ಹರದಾಸ ಅಪ್ಪಚ್ಚ ಕವಿ 1906ರಲ್ಲಿ ಕೊಡವ ಭಾಷೆಯಲ್ಲಿ ಯಯಾತಿಯ ನಾಟಕ ಬರೆದಾಗ ಅನುದಾನಕ್ಕೆ ಅರ್ಜಿ ಹಾಕಲು ಒಂದು ಅಕಾಡೆಮಿಯೂ ಇರಲಿಲ್ಲ.

ಆಮೇಲಿನದು ಬೇಗ ಬೇಗ ಆಯಿತು. 1953ರಲ್ಲಿ ದೆಹಲಿಯಲ್ಲಿ ಸಂಗೀತ ನಾಟಕ ಅಕಾಡೆಮಿ. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. 1978ರಲ್ಲಿ ಕರ್ನಾಟಕ ನಾಟಕ ಅಕಾಡೆಮಿ. 1985ರಲ್ಲಿ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ, ಊರೂರು ಸುತ್ತುವ ರೆಪರ್ಟರಿ ‘ತಿರುಗಾಟ’ ಶುರು ಮಾಡಿತು. 1989ರಲ್ಲಿ ಬಿ.ವಿ. ಕಾರಂತರ ಕೈಯಲ್ಲಿ ಮೈಸೂರಿನ ರಂಗಾಯಣ ಶುರುವಾಗಿ, ಸರ್ಕಾರವೇ ರೆಪರ್ಟರಿ ನಡೆಸತೊಡಗಿತು. 1994ರಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಬಂತು, ಮುಂದೆ ಕೊಡಗಿನ ಗೌಡರ ಮಾತಾದ ಅರೆಭಾಷೆಗೂ ಒಂದು. ಒಳ್ಳೆಯದೇ ಆಯಿತು. ಆದರೆ ಕೊಡವ ನಾಟಕಕ್ಕೆ ಒಂದು ಬಾಗಿಲು, ಅರೆಭಾಷೆಗೆ ಇನ್ನೊಂದು, ಕನ್ನಡಕ್ಕೆ ಮತ್ತೊಂದು. ಮೂರು ಭಾಷೆಯಲ್ಲೂ ಆಡುವ ತಂಡ ಯಾವ ಬಾಗಿಲು ತಟ್ಟಬೇಕು?

ಇದರ ಮೇಲೆ ಕೇಂದ್ರದ ರೆಪರ್ಟರಿ ಅನುದಾನ ಉಂಟು. ಗುರು–ಶಿಷ್ಯ ಪರಂಪರೆ ಅಂತ ಅದಕ್ಕೆ ಹೆಸರು. ನಾಟಕ ತಂಡವಾದರೆ ಒಬ್ಬ ಗುರು, ಹದಿನೆಂಟು ಜನರವರೆಗೆ ಶಿಷ್ಯರು. ಗುರುವಿಗೆ ತಿಂಗಳಿಗೆ 15,000 ರೂಪಾಯಿ, ವಯಸ್ಕ ಶಿಷ್ಯರಿಗೆ 10,000. ಹತ್ತು ಸಾವಿರವನ್ನು ಮೂವತ್ತು ದಿನಕ್ಕೆ ಹಂಚಿ ನೋಡಿ, ದಿನಕ್ಕೆ 333 ಬೀಳುತ್ತದೆ. ಕಾಫಿ ಕೊಯ್ಲಿನಲ್ಲಿ ಕೈ ಚುರುಕಿರುವವರಿಗೆ ಇದಕ್ಕಿಂತ ಜಾಸ್ತಿ ಸಿಗುತ್ತದೆ. ಹಾಗಾಗಿ ಡಿಸೆಂಬರ್ ಬಂತು ಅಂದರೆ ‘ಪೂರ್ಣಾವಧಿ ಕಲಾವಿದ’ ತೋಟದಲ್ಲಿರುತ್ತಾನೆ. ಅವನನ್ನು ಬೈಯುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ಈಗ ನನಗೆ ಚೆನ್ನಾಗಿ ಗೊತ್ತಿರುವ ಭಾಗ. ಕೆಲವು ವರ್ಷ ಒಂದು ಸಣ್ಣ ತಂಡದ ಅರ್ಜಿ, ಲೆಕ್ಕಪತ್ರ ನಾನೇ ನೋಡಿಕೊಂಡೆ. ನೋಂದಣಿ ಪತ್ರ, ಆಡಿಟ್ ವರದಿ, ಪ್ರದರ್ಶನದ ಫೋಟೋ, ಪೇಪರ್ ಕಟಿಂಗ್, ಕೊನೆಗೆ ಹಣ ಬಳಕೆ ಪ್ರಮಾಣಪತ್ರ. ಕೇಳುವುದು ತಪ್ಪಲ್ಲ, ಜನರ ದುಡ್ಡು ಅದು. ಆದರೆ ಶನಿವಾರಸಂತೆಯಲ್ಲಿ ಸೆಟ್ ಹೊತ್ತ ಪಿಕಪ್‌ನವನು ಬಿಲ್ ಅಂತ ಕೊಟ್ಟದ್ದು ಬೀಡಿ ಕಟ್ಟಿನ ಹಿಂಬದಿ. ಊಟ ಹಾಕಿದ ಮನೆಯವರು ದುಡ್ಡೇ ಮುಟ್ಟಲಿಲ್ಲ. ಆ ಊಟವನ್ನು ಯಾವ ಕಾಲಂನಲ್ಲಿ ಬರೆಯುವುದು? ಟಿಕೆಟ್ ಪುಸ್ತಕದ ಅಡಿಚೀಟಿಯಲ್ಲಿ ಲೆಕ್ಕ ಇಟ್ಟು ಬೆಳೆದವರು ಹಳೆ ಕಂಪನಿಯವರು. ಅವರನ್ನು ಈ ಫಾರ್ಮಿನ ಮುಂದೆ ಕೂರಿಸಿದರೆ ಪೆನ್ನು ಕೆಳಗಿಟ್ಟು ಎದ್ದು ಹೋಗುತ್ತಾರೆ. ಹೋಗಿದ್ದೂ ಉಂಟು.

ಎಲ್ಲಕ್ಕಿಂತ ಪೇಚು ಕ್ಯಾಲೆಂಡರಿನದು. ಅನುದಾನದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಬಯಲು ನಾಟಕ ಬಿಡಿ, ಪರದೆ ಒಣಗಿಸುವುದಕ್ಕೂ ಆಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಅಕ್ಟೋಬರ್‌ನಲ್ಲಿ ದಸರಾ, ತಲಕಾವೇರಿಯ ತುಲಾ ಸಂಕ್ರಮಣ ಅಂತ ಜನ ಓಡಾಡುತ್ತಿರುತ್ತಾರೆ. ಡಿಸೆಂಬರ್‌ನಿಂದ ಕೊಯ್ಲು. ನಾಟಕಕ್ಕೆ ಬಿಡುವಾಗುವುದು ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವಾಗ. ಅಷ್ಟರಲ್ಲಿ ಮಾರ್ಚ್ 31 ಬಾಗಿಲಲ್ಲಿ ನಿಂತಿರುತ್ತದೆ, ಜೊತೆಗೆ ಮಕ್ಕಳ ಪರೀಕ್ಷೆ. ದುಡ್ಡು ಮಾರ್ಚ್‌ನಲ್ಲಿ ಬಂದರೆ ಐದು ದಿನದಲ್ಲಿ ಮೂರು ಪ್ರದರ್ಶನ. ಖಾಲಿ ಕುರ್ಚಿಗಳ ಮುಂದೆ ಹರಿಶ್ಚಂದ್ರ ಸ್ಮಶಾನ ಕಾದದ್ದನ್ನು ನಾನೇ ಫೋಟೋ ತೆಗೆದಿದ್ದೇನೆ. ಕುರ್ಚಿ ಕಾಣದ ಹಾಗೆ ತೆಗೆದೆ.

ಈ ಫಾರ್ಮು ಬರೆದವರು ಕೆಟ್ಟವರಲ್ಲ, ವರ್ಷವಿಡೀ ಆಡಬಲ್ಲ ಬಯಲುಸೀಮೆಯ ತಂಡ ಅವರ ಕಣ್ಣ ಮುಂದೆ ಇತ್ತು ಅಷ್ಟೆ. ಒಂದು ವರ್ಷ ತಿಂಗಳವಾರು ಚಟುವಟಿಕೆಯ ಪಟ್ಟಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ‘ಮಳೆ’ ಎಂದು ಬರೆದು ಕಳಿಸಿದ್ದೆ. ಕಚೇರಿಯಿಂದ ಫೋನ್ ಬಂತು.

“ಹಾಗೆಲ್ಲ ಬರೆಯಬೇಡಿ ಸಾರ್. ‘ತಾಲೀಮು’ ಅಂತ ಬರೆಯಿರಿ.”

ಬರೆದೆ. ಅದೇನೂ ಸುಳ್ಳಲ್ಲ. ಒಂದು ಕಾಫಿ ಗೋಡೌನಿನಲ್ಲಿ ತಾಲೀಮು ನಡೆಯುತ್ತಿತ್ತು. ತಗಡಿನ ಮೇಲೆ ಮಳೆ ಬಿದ್ದರೆ ಎದುರಿಗಿರುವವನ ಡೈಲಾಗೇ ಕೇಳುವುದಿಲ್ಲ. ಹುಡುಗರು ತುಟಿ ನೋಡಿಕೊಂಡು ತಮ್ಮ ಮಾತು ಎತ್ತಿಕೊಳ್ಳುವುದನ್ನು ಕಲಿತಿದ್ದರು.