ಕಾಕಾನ ನಾಕ ಎಕರೆ ಸೊನ್ನಿ ಆದ ಕಥಿ

ನಮ್ಮ ಕಾಕಾಂದು ಇಂಡಿ ತಾಲೂಕಿನಾಗ ನಾಕ ಎಕರೆ ಲಿಂಬಿ ತೋಟ ಐತಿ. ಹೋದ ಬ್ಯಾಸಗ್ಯಾಗ ಒಂದಿನ ಫೋನ್ ಮಾಡಿ "ತಮ್ಮಾ, ಡ್ರಿಪ್ ಪೈಪ್ ಎಲ್ಲಾ ಇಲಿ ಕಡದು ಹಾಳ ಮಾಡ್ಯಾವ, ಹೊಸಾವ ತರಬೇಕು, ನೀ ಕಂಪ್ಯೂಟರ್‌ದಾಗ ನಕಾಶಿ ತಗೀತೀನಿ ಅಂತಿಯಲ್ಲ, ನಮ್ಮ ಹೊಲದ್ದೂ ಒಂದು ತಗದ ಕೊಡು, ಎಷ್ಟ ಪೈಪ್ ಹಿಡಿತೈತಿ ನೋಡೂಣು" ಅಂದ್ರು. ನಾ ವಿಜಯಪುರದಾಗ ರೂಮಿನ್ಯಾಗ ಕುಂತು ಕ್ಯೂಜಿಐಎಸ್ ಅನ್ನೂ ನಕಾಶಿ ಸಾಫ್ಟ್‌ವೇರ್ ಕಲಿಯಾಕ ಹತ್ತಿ ಆಗಿನ್ನೂ ಒಂದ ವಾರ ಆಗಿತ್ತು, ಆದ್ರೂ ಜಂಬ ನೋಡ್ರಿ, "ಹತ್ತ ನಿಮಿಷದ ಕೆಲ್ಸ ಕಾಕಾ" ಅಂದಬಿಟ್ಟೆ. ಸ್ಯಾಟಲೈಟ್ ಫೋಟೋ ಹಿಂದ ಇಟಗೊಂಡು ಹೊಲದ ಸುತ್ತ ಟಕ್ ಟಕ್ ಅಂತ ಕ್ಲಿಕ್ ಮಾಡಿ ಗೆರಿ ಎಳದೆ, ಆಮ್ಯಾಲೆ ಏರಿಯಾ ಎಷ್ಟಂತ ಫಾರ್ಮುಲಾ ಹಾಕಿದ್ರ ಟೇಬಲ್‌ನ್ಯಾಗ ಬಂದಿದ್ದು 0.000. ಮೂರ ತಲಿಮಾರಿನ ಹೊಲ, ಸೊನ್ನಿ.

ಅವತ್ತ ರಾತ್ರಿ ತಲಿ ಕೆರಕೊಂಡು ಕುಂತಾಗ ಗೊತ್ತಾತು, ನಾ ಇದನ್ನ ಚಿತ್ರಾ ತಗಿಯೂ ಸಾಫ್ಟ್‌ವೇರ್ ಅಂತ ತಿಳಕೊಂಡಿದ್ದೆ. ಮದುವಿ ಪತ್ರಿಕಾ, ಬ್ಯಾನರ್ ಮಾಡೂ ಸಾಫ್ಟ್‌ವೇರ್‌ದಾಗ ಒಂದ ಚೌಕ ತಗದ್ರ ಅದು ಬರೇ ಚೌಕ, ಅದರ ಬಣ್ಣ ದಪ್ಪ ಬಿಟ್ಟು ಅದಕ್ಕೇನೂ ಗೊತ್ತಿರೂದಿಲ್ಲ. ಇಲ್ಲಿ ಹಂಗಲ್ಲ. ನಾವು ಗೆರಿ ಎಳದು ರೈಟ್ ಕ್ಲಿಕ್ ಮಾಡಿ ಮುಗಿಸಿದ ಕೂಡ್ಲೇ ಒಂದು ಫಾರ್ಮ್ ಎದ್ದ ಬರ್ತೈತಿ, ಇದರ ಹೆಸರೇನು, ಸರ್ವೆ ನಂಬರ್ ಎಷ್ಟು, ಬೆಳಿ ಯಾವ್ದು ಅಂತ ನಾವು ಮದಲ ಮಾಡಿಟ್ಟ ಕಾಲಂ ಎಲ್ಲಾ ಕೇಳ್ತೈತಿ, ತುಂಬಿ ಓಕೆ ಕೊಟ್ಟ ಮ್ಯಾಲೇನ ಆ ಗೆರಿ ಒಳಗ ಬರೂದು. ಒಂದು ಆಕಾರಕ್ಕ ಒಂದು ಸಾಲು. ನಮ್ಮ ಕಡಿ ಮಂದಿಗೆ ಇದು ತಿಳಿಯಾಕ ಏನೂ ತ್ರಾಸಿಲ್ಲ, ಯಾಕಂದ್ರ ಉತಾರ (ಪಹಣಿ) ಮತ್ತ ಊರ ನಕಾಶಿ ಎರಡೂ ಕೂಡೇ ಇರೂದನ್ನ ಸಣ್ಣವರಿದ್ದಾಗಿಂದ ನೋಡೇವಿ, ಉತಾರದಾಗ ಹೆಸರು ಕ್ಷೇತ್ರ ಬೆಳಿ ಇರ್ತೈತಿ, ನಕಾಶ್ಯಾಗ ಆಕಾರ ಇರ್ತೈತಿ, ಎರಡನ್ನೂ ಹಿಡಿದ ಇಡೂದು ಸರ್ವೆ ನಂಬರ್. ಜಿಐಎಸ್, ಅಂದ್ರ ಭೌಗೋಳಿಕ ಮಾಹಿತಿ ವ್ಯವಸ್ಥಾ, ಆ ಎರಡೂ ಕಾಗದ ಒಂದ ದಾರದಾಗ ಹೊಲದಿಟ್ಟಂಗ, ಅಷ್ಟ. 1960ರ ದಶಕದಾಗ ಕೆನಡಾದಾಗ ರೋಜರ್ ಟಾಮ್ಲಿನ್ಸನ್ ಅನ್ನವ್ರು ಇಂಥಾ ಮದಲನೇ ಕಂಪ್ಯೂಟರ್ ವ್ಯವಸ್ಥಾ ಕಟ್ಟಿದ್ರಲ್ಲ, ಅದೂ ಅಲ್ಲಿನ ಜಮೀನಿನ ಲೆಕ್ಕಾ ಇಡಾಕೇ.

ಕ್ಯೂಜಿಐಎಸ್ ಅನ್ನೂದು 2002ರಾಗ ಗ್ಯಾರಿ ಶೆರ್ಮನ್ ಅನ್ನವ್ರು ಶುರು ಮಾಡಿದ್ದು, 1.0 ಆವೃತ್ತಿ ಬಂದಿದ್ದು 2009ಕ್ಕ. ರೊಕ್ಕ ಕೊಡೂದಿಲ್ಲ, ಹಳೇ ಲ್ಯಾಪ್‌ಟಾಪ್‌ನ್ಯಾಗೂ ನಡಿತೈತಿ, ಸ್ವಲ್ಪ ಹೊಯ್ಕೊಂತ ನಡಿತೈತಿ ಅಷ್ಟ.

ಈಗ ಸೊನ್ನಿ ವಿಷಯಕ್ಕ ಬರೂಣು. ನಾ ಲೇಯರ್ (ಆಕಾರಗಳು ಮತ್ತ ಅವುಗಳ ಟೇಬಲ್ ಕೂಡಿದ ಒಂದ ಪದರ) ಮಾಡೂವಾಗ ಸಿಆರ್‌ಎಸ್ ಅಂತ ಒಂದು ಕೇಳ್ತೈತಿ, ಅಂದ್ರ ಯಾವ ಅಳತಿ ಪದ್ಧತಿಯೊಳಗ ಜಾಗಾ ಗುರ್ತ ಹಿಡಿಯೂದು ಅಂತ, ಅಲ್ಲಿ ಏನ ಇತ್ತೋ ಅದಕ್ಕ ಓಕೆ ಒತ್ತಿದ್ದೆ. ಅದು ಇಪಿಎಸ್‌ಜಿ 4326 (ಅಳತಿ ಪದ್ಧತಿಗೆ ಕೊಟ್ಟ ಕೋಡ್ ನಂಬರ್), ಮೊಬೈಲ್ ಜಿಪಿಎಸ್ ಕೊಡೂ ಅಕ್ಷಾಂಶ ರೇಖಾಂಶ. ಎಲ್ಲಾ ಡಿಗ್ರಿ ಲೆಕ್ಕ. ಡಿಗ್ರಿ ಅನ್ನೂದು ಕೋನ, ಉದ್ದ ಅಲ್ಲ. ನಮ್ಮ ಕಡಿ ಉತ್ತರ ದಕ್ಷಿಣ ಒಂದ ಡಿಗ್ರಿ ಅಂದ್ರ ಸುಮಾರು 110 ಕಿಲೋಮೀಟರ್ ಚಿಲ್ಲರ, ಪೂರ್ವ ಪಶ್ಚಿಮ ಸುಮಾರು 106. ಹಂಗಾರ ಒಂದು 'ಚದರ ಡಿಗ್ರಿ' ಅಂದ್ರ ನಮ್ಮ ವಿಜಯಪುರ ಜಿಲ್ಲಾಕ್ಕಿಂತ ದೊಡ್ಡದಾತು. ಅದರಾಗ ನಾಕ ಎಕರೆ, ಅಂದ್ರ 16,187 ಚದರ ಮೀಟರ್, ಭಾಗಿಸಿದ್ರ 0.0000014 ಬರ್ತೈತಿ. ನಾ ಕಾಲಂ ಮಾಡೂವಾಗ ದಶಾಂಶ ಮೂರ ಸಾಕು ಅಂತ ಹಾಕಿದ್ದೆ. ಕಂಪ್ಯೂಟರ್‌ದೇನೂ ತಪ್ಪಿಲ್ಲ, ಕೇಳಿದ್ದಕ್ಕ ಸರಿಯಾಗೇ ಉತ್ತರ ಕೊಟ್ಟಿತ್ತು.

ಇದಕ್ಕ ಔಷಧ ಯುಟಿಎಂ. ಭೂಮಿನ ಉದ್ದಕ್ಕ 6 ಡಿಗ್ರಿಯಂಗ 60 ಹೋಳ ಮಾಡಿ, ಒಂದೊಂದ ಹೋಳನ್ನೂ ಮೀಟರ್ ಲೆಕ್ಕದಾಗ ಚಪ್ಪಟ ಮಾಡಿ ಹಾಸ್ಯಾರ. ಪೂರ್ವ ರೇಖಾಂಶ 72ರಿಂದ 78 ಡಿಗ್ರಿವರಿಗೂ ಇರೂದು 43ನೇ ವಲಯ, ಬೆಳಗಾವಿ ಬಾಗಲಕೋಟಿ ವಿಜಯಪುರ ಮೂರೂ ಅದರಾಗ, ಅದೂ ಭಾಳ ನಡುಕ, ಯಾಕಂದ್ರ ಆ ವಲಯದ ನಡುಗೆರಿ 75 ಡಿಗ್ರಿ. ಹಿಂಗಾಗಿ ನಮ್ಮ ಕಡಿ ಇದರಾಗ ಅಳದ್ರ ಒಂದ ಕಿಲೋಮೀಟರ್‌ಗೆ ಹೆಚ್ಚಂದ್ರ 40 ಸೆಂಟಿಮೀಟರ್ ಫರಕ ಬರ್ತೈತಿ. ಹೊಲಕ್ಕ ಸಾಕೇಳ್ರಿ. ಇದರ ಇಪಿಎಸ್‌ಜಿ ಕೋಡ್ 32643, ನಂಗ ಈಗ ನಮ್ಮ ಪಿನ್‌ಕೋಡ್‌ಗಿಂತ ಚಲೋ ನೆನಪಿರ್ತೈತಿ.

ಇಷ್ಟ ಗೊತ್ತಾದ ಮ್ಯಾಲೆ ನಾ ಮಾಡಿದ್ದು ಇನ್ನೂ ದೊಡ್ಡ ಕಿತಾಪತಿ. ಲೇಯರ್ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಸಿಆರ್‌ಎಸ್ ಬದಲಿ ಮಾಡಿ 32643 ಹಾಕಿದೆ. ಹೊಲ ಮಾಯ. ಹುಡುಕಿ ಹುಡುಕಿ ಜೂಮ್ ಟು ಲೇಯರ್ ಒತ್ತಿದ್ರ ಸೀದಾ ಸಮುದ್ರದಾಗ, ಮಾಲ್ಡೀವ್ಸ್‌ಗಿಂತ ಪಶ್ಚಿಮಕ್ಕ, ಭೂಮಧ್ಯರೇಖೆ ಮ್ಯಾಲೆ, ಅದೂ ಒಂದ ಮಿಲಿಮೀಟರ್ ಚಿಲ್ಲರ ಗಾತ್ರದ ಹೊಲ! ಯಾಕಂದ್ರ ಒಳಗಿನ ಅಂಕಿ ಹಂಗೇ ಅದಾವ, 75 ಚಿಲ್ಲರ, 17 ಚಿಲ್ಲರ, ಅವನ್ನ ಈಗ ಡಿಗ್ರಿ ಅಲ್ಲ ಮೀಟರ್ ಅಂತ ಓದು ಅಂತ ನಾನ ಹೇಳಿದ್ದೆ. ಜೋಳದ ಡಬ್ಬಿ ಮ್ಯಾಲಿನ ಚೀಟಿ ಕಿತ್ತು ಗೋಧಿ ಅಂತ ಅಂಟಿಸಿದ್ರ ಒಳಗಿನ ಜೋಳ ಗೋಧಿ ಆಗ್ತೈತೇನು? ಚೀಟಿ ಬದಲಿ ಮಾಡೂದು ಬ್ಯಾರೆ, ಕಾಳ ಬದಲಿ ಮಾಡೂದು ಬ್ಯಾರೆ, ಎರಡನೇದಕ್ಕ ರೀಪ್ರೊಜೆಕ್ಟ್ ಅಂತಾರ, ಅದು ಹೊಸ ಲೇಯರ್ ಮಾಡಿ ಕೊಡ್ತೈತಿ. ಹೊಸದಾಗಿ ಕಲಿಯವ್ರು ಹತ್ತರಾಗ ಒಂಬತ್ತ ಮಂದಿ ಈ ತೆಗ್ಗಿನ್ಯಾಗ ಬೀಳ್ತಾರ ಅಂತ ನನ್ನ ಅನಿಸಿಕಿ, ನಾ ಒಬ್ಬಾಂವ ಎರಡ ಸಲ ಬಿದ್ದೇನಿ.

ಗೆರಿ ಎಳಿಯೂಕಿಂತ ಮದಲ ಇನ್ನೊಂದು ತೀರ್ಮಾನ ಮಾಡಬೇಕು, ಯಾವುದನ್ನ ಚುಕ್ಕಿ ಮಾಡೂದು, ಯಾವುದನ್ನ ಗೆರಿ, ಯಾವುದನ್ನ ಪಾಲಿಗಾನ್ (ಸುತ್ತ ಗೆರಿ ಕೂಡಿದ ಆಕಾರ) ಅಂತ, ಯಾಕಂದ್ರ ಒಂದ ಲೇಯರ್‌ನ್ಯಾಗ ಸಾಮಾನ್ಯವಾಗಿ ಒಂದ ತರಹದ್ದಷ್ಟ ಇಡೂದು. ಬೋರ್‌ವೆಲ್ ಚುಕ್ಕಿ, ಪೈಪ್ ಗೆರಿ, ತೋಟ ಪಾಲಿಗಾನ್, ಇಲ್ಲಿವರಿಗೂ ಸಲೀಸು. ಆದ್ರ ಹಳ್ಳ? ತಾಲೂಕಿನ ನಕಾಶ್ಯಾಗ ಅದು ಗೆರಿ, ನಮ್ಮ ಹೊಲದ ಮಗ್ಗಲಕ ಹರಿಯೂದ ಕಂಡ್ರ ಎರಡ ದಂಡಿ ಇರೂ ಪಾಲಿಗಾನ್. ವಿಜಯಪುರ ಊರ ಸೈತ ರಾಜ್ಯದ ನಕಾಶ್ಯಾಗ ಒಂದ ಚುಕ್ಕಿ, ಇಲ್ಲಿ ಕುಂತ ನೋಡಿದ್ರ ಗೋಳಗುಮ್ಮಟ ಒಂದಕ್ಕೇ ಪಾಲಿಗಾನ್ ತಗೀಬೇಕು. ಇದಕ್ಕ ಸರಿ ತಪ್ಪು ಅಂತಿಲ್ಲ, ಮುಂದ ಏನ ಲೆಕ್ಕಾ ಕೇಳಾಂವ ಅದೀನಿ ಅನ್ನೂದರ ಮ್ಯಾಲೆ ನಿಂತೈತಿ. ಉದ್ದ ಬೇಕಂದ್ರ ಗೆರಿ, ಕ್ಷೇತ್ರ ಬೇಕಂದ್ರ ಪಾಲಿಗಾನ್.

ಫೈಲ್ ಇಡೂದರ ಬಗ್ಗೆ ಯಾರೂ ಮದಲ ಹೇಳಂಗಿಲ್ಲ, ಹೊಡ್ತ ತಿಂದ ಮ್ಯಾಲೇನ ಎಲ್ಲಾರೂ ಕಲಿಯೂದು. ನಾ ಒಂದ ಕಡಿ ತೋರ್ಸಾಕಂತ ಪ್ರಾಜೆಕ್ಟ್ ಫೈಲ್ ಅಷ್ಟ ಪೆನ್‌ಡ್ರೈವ್‌ನ್ಯಾಗ ಹಾಕೊಂಡು ಹೋದೆ, ಅಲ್ಲಿ ತಗದ್ರ ಒಂದೂ ಲೇಯರ್ ಇಲ್ಲ, ಎಲ್ಲಿ ಅದಾವ ತೋರ್ಸು ಅಂತ ನನ್ನನ್ನ ಕೇಳಾಕತ್ತಿತ್ತು, ನಾಕ ಮಂದಿ ಎದರಿಗೆ. ಪ್ರಾಜೆಕ್ಟ್ ಫೈಲ್ ಅಂದ್ರ ಡೇಟಾ ಅಲ್ಲ, ಡೇಟಾ ಎಲ್ಲೈತಿ ಅನ್ನೂ ವಿಳಾಸ, ಅದಕ್ಕ ಯಾವ ಬಣ್ಣ ಹಚ್ಚಬೇಕು ಅನ್ನೂ ಸೂಚನಾ, ಅಷ್ಟ ಇರೂದು ಅದರಾಗ. ಮನಿ ವಿಳಾಸ ಬರದ ಚೀಟಿ ಕಿಸೆದಾಗ ಇಟಗೊಂಡು ಹೋಗಿ ಮನ್ಯಾಗಿನ ಟ್ರಂಕ್ ಹುಡುಕಿದಂಗ ಆಗಿತ್ತು ನಂದು. ಅವತ್ತಿಂದ ಒಂದ ಕೆಲಸಕ್ಕ ಒಂದ ಫೋಲ್ಡರ್, ಪ್ರಾಜೆಕ್ಟೂ ಡೇಟಾನೂ ಅದರಾಗೇ, ಒಯ್ಯೂದಾದ್ರ ಇಡೀ ಫೋಲ್ಡರ್. ಹಂಗೇ ಟೆಂಪರರಿ ಸ್ಕ್ರ್ಯಾಚ್ ಲೇಯರ್ ಅಂತ ಒಂದ ಇರ್ತೈತಿ, ಅದರಾಗ ಬರದದ್ದು ಸಾಫ್ಟ್‌ವೇರ್ ಮುಚ್ಚಿದ ಕೂಡ್ಲೇ ಹೋಗ್ತೈತಿ, ಹೆಸರಿನ ಮುಂದ ಸಣ್ಣ ಚಿಪ್ ಚಿತ್ರ ಕಂಡ್ರ ಎಚ್ಚರ ಇರ್ರಿ.

ಮತ್ತ ಶೇಪ್‌ಫೈಲ್, ಅಂದ್ರ ಜಿಐಎಸ್ ಡೇಟಾ ಇಡೂ ಒಂದ ತರಹದ ಫೈಲ್. 1990ರ ದಶಕದ ಶುರುವಿನಾಗ ಎಸ್ರಿ ಕಂಪನಿ ಮಾಡಿದ್ದು, ಸರ್ಕಾರಿ ಡೇಟಾ ಇವತ್ತೂ ಭಾಳಷ್ಟು ಅದರಾಗೇ ಸಿಗ್ತೈತಿ. ಹೆಸರಿಗೆ ಒಂದ ಫೈಲ್, ಖರೇ ಅಂದ್ರ ಒಂದ ಕುಟುಂಬ. ಎಸ್‌ಎಚ್‌ಪಿ ಒಳಗ ಆಕಾರ, ಡಿಬಿಎಫ್ ಒಳಗ ಟೇಬಲ್, ಎಸ್‌ಎಚ್‌ಎಕ್ಸ್ ಒಳಗ ಯಾವ ಆಕಾರ ಎಸ್‌ಎಚ್‌ಪಿಯೊಳಗ ಎಲ್ಲೈತಿ ಅನ್ನೂ ಸೂಚಿ, ಪಿಆರ್‌ಜೆ ಒಳಗ ಆಗಲೇ ಹೇಳಿದ ಸಿಆರ್‌ಎಸ್. ವಾಟ್ಸಾಪ್‌ನ್ಯಾಗ ಬರೇ ಎಸ್‌ಎಚ್‌ಪಿ ಕಳಸವ್ರು ಅದಾರ, ಅವರಿಗೆ ಕೈ ಮುಗೀಬೇಕು. ಇದರಾಗ ಕನ್ನಡಕ್ಕ ಇನ್ನೊಂದ ತ್ರಾಸ ಐತಿ. ಕಾಲಂ ಹೆಸರು 10 ಬೈಟ್ ದಾಟಂಗಿಲ್ಲ, ಇಂಗ್ಲಿಷಿಗೆ ಅಂದ್ರ 10 ಅಕ್ಷರ, ಆದ್ರ ಕನ್ನಡ ಯುನಿಕೋಡ್‌ದಾಗ ಅಕ್ಷರಕ್ಕೂ ಕಾಗುಣಿತದ ಗುರ್ತಿಗೂ ಒಂದೊಂದಕ್ಕ 3 ಬೈಟ್ ಹಿಡಿತೈತಿ. 'ಹೆಸರು' ಅಂತ ಬರದ್ರ 15 ಬೈಟ್ ಆತು, ಅಂದ್ರ 'ಹೆಸರು' ಅನ್ನೂ ಹೆಸರೇ ಅದರಾಗ ಹಿಡಿಯಂಗಿಲ್ಲ. ಅದಕ್ಕ ನಾ ಈಗ ಜಿಯೋಪ್ಯಾಕೇಜ್ ಬಳಸ್ತೀನಿ, 2014ರಾಗ ಬಂದ ಓಪನ್ ಮಾನಕ, ಒಂದ ಫೈಲ್‌ನ್ಯಾಗ ಹತ್ತ ಲೇಯರ್ ಇಡಬಹುದು, ಕನ್ನಡನೂ ಆರಾಮ ಬರ್ತೈತಿ.

ಹೆಸರಿನ ಮಾತ ಬಂತಂದ್ರ ನಮ್ಮ ಜಿಲ್ಲಾದ್ದ ಹೇಳದಿದ್ರ ಹೆಂಗ. ಒಂದ ಎಕ್ಸೆಲ್ ಟೇಬಲ್ ತಂದು ಜಿಲ್ಲಾ ನಕಾಶಿಗೆ ಜೋಡಸೂದಕ್ಕ ಜಾಯಿನ್ ಅಂತಾರ, ಎರಡೂ ಕಡಿ ಒಂದ ಕಾಲಂ ಅಕ್ಷರಕ್ಕ ಅಕ್ಷರ ಹೊಂದಬೇಕು. 2011ರ ಜನಗಣತಿಯೊಳಗ ಬಿಜಾಪುರ, 2014ರ ನವೆಂಬರ್ 1ರಿಂದ ವಿಜಯಪುರ. ನಮಗ ಎರಡೂ ಒಂದ ಊರು, ಕಂಪ್ಯೂಟರ್‌ಗೆ ಬ್ಯಾರೆ ಬ್ಯಾರೆ, ಜಾಯಿನ್ ಮಾಡಿದ್ರ ನಮ್ಮ ಜಿಲ್ಲಾ ಖಾಲಿ, ಬೆಳಗಾವೀನೂ ಖಾಲಿ. 1997ಕ್ಕಿಂತ ಹಿಂದಿನ ಡೇಟಾ ಆದ್ರ ಇನ್ನೂ ಮಜಾ, ಬಾಗಲಕೋಟಿ ಅನ್ನೂ ಜಿಲ್ಲಾನ ಇರಲಿಲ್ಲ, ಬಿಜಾಪುರದಾಗೇ ಕೂಡಿತ್ತು. ಬಾಗಲಕೋಟಿ ಊರಿಂದೂ ಹಂಗೇ, ಹಳೇ ನಕಾಶ್ಯಾಗ ಓಣಿ ಬಜಾರ ಇದ್ದ ಎಷ್ಟೋ ಕಡಿ ಈಗ ಆಲಮಟ್ಟಿ ಹಿನ್ನೀರು. ನಕಾಶಿ ಎರಡೂ ಸರಿ, ವರ್ಷ ಬ್ಯಾರೆ. ಅದಕ್ಕ ಹೆಸರಿಗಿಂತ ಕೋಡ್ ನಂಬರ್ ಹಿಡಿದು ಜೋಡಸೂದು ವಾಸಿ, ಮತ್ತ ಪ್ರತಿ ಲೇಯರ್‌ನ್ಯಾಗ ವರ್ಷ ಅಂತ ಒಂದ ಕಾಲಂ ಇರಲಿ. ಕೋಡ್‌ನ ಮುಂದಿನ ಸೊನ್ನಿ ಎಕ್ಸೆಲ್ ತಿಂದ ಬಿಡ್ತೈತಿ, ಅದನ್ನೂ ನೋಡಕೊಳ್ರಿ.

ಇನ್ನ ಗೆರಿ ಎಳಿಯೂ ಕೈಕೆಲಸ. ಕಾಕಾನ ಹೊಲದ ಪೂರ್ವದ ಬದು ಮಗ್ಗಲ ಹೊಲದವರದೂ ಬದು, ಒಂದ ಬದು ಎರಡ ಹೊಲ. ನಾ ಕಾಕಾಂದು ತಗದು, ಆಮ್ಯಾಲೆ ಅವರದನ್ನ ಕಣ್ಣ ಅಂದಾಜಿನ್ಯಾಗ ಅದರ ಮಗ್ಗಲಕ್ಕೇ ತಗದೆ. ನೋಡಾಕ ಚಂದ ಕೂಡಿತ್ತು. ಜೂಮ್ ಮಾಡಿದ್ರ ಒಂದ ಕಡಿ ಸೀಳು ಬಿಟ್ಟೈತಿ, ಯಾರದೂ ಅಲ್ಲದ ಜಮೀನು, ಇನ್ನೊಂದ ಕಡಿ ಒಂದರ ಮ್ಯಾಲೊಂದು ಏರೈತಿ, ಇಬ್ಬರದೂ ಆದ ಜಮೀನು. ಹೊಲದಾಗ ಹಿಂಗಾದ್ರ ಕೋರ್ಟಿಗೆ ಹೋಗ್ತಿದ್ರು. ಇದಕ್ಕ ಸ್ನ್ಯಾಪಿಂಗ್ ಚಾಲೂ ಮಾಡಬೇಕು, ಮೌಸ್ ಹಳೇ ಬಿಂದುವಿನ ಹತ್ರ ಹೋದ್ರ ಸಾಕು ಅಯಸ್ಕಾಂತದಂಗ ಎಳಕೊಂಡು ಅದೇ ಬಿಂದುವಿನ ಮ್ಯಾಲೆ ಕುಂದರಸ್ತೈತಿ. ಅದರ ಜೋಡಿ ಓವರ್‌ಲ್ಯಾಪ್ ತಡಿಯೂ ಆಯ್ಕೆ ಹಾಕಿದ್ರ ನೀವು ಮಗ್ಗಲ ಹೊಲದ ಮ್ಯಾಲೆ ಗೆರಿ ಏರ್ಸಿದ್ರೂ ಅದ ಕತ್ತರಿಸಿ ಬದುವಿಗೆ ಸರಿ ನಿಲ್ಲಸ್ತೈತಿ. ಮತ್ತ ಒಂದ ಚಟ ಬಿಡ್ರಿ, ಬಿಂದು ಜಾಸ್ತಿ ಹಾಕಿದ್ರ ನಕಾಶಿ ಪಕ್ಕಾ ಆಗ್ತೈತಿ ಅನ್ನೂದು. ಸೀದಾ ಬದುವಿಗೆ ಎರಡ ತುದಿ ಎರಡ ಬಿಂದು ಸಾಕು, ನಡುಕ ಹತ್ತ ಹಾಕಿದ್ರ ಕೈ ನಡುಗಿದ್ದಷ್ಟ ದಾಖಲ ಆಗ್ತೈತಿ. ತಪ್ಪ ಬಿಂದು ಬಿದ್ರ ಬ್ಯಾಕ್‌ಸ್ಪೇಸ್ ಒತ್ರಿ, ಹಿಂದಕ್ಕ ಹೋಗ್ತೈತಿ, ನಾ ಇದು ಗೊತ್ತಿಲ್ಲದ ಪೂರಾ ಅಳಿಸಿ ಮತ್ತ ಮದಲಿಂದ ತಗೀತಿದ್ದೆ, ಎರಡ ದಿನ.

ಎಲ್ಲಾ ಸರಿ ಮಾಡಿ, ಮೀಟರ್‌ನ್ಯಾಗ ಹಾಕಿ, 101.17ರಿಂದ ಭಾಗಿಸಿ ಗುಂಟೆ ಮಾಡಿದ್ರ 158 ಬಂತು. 40 ಗುಂಟೆಗೆ ಒಂದ ಎಕರೆ, ಅಂದ್ರ 3 ಎಕರೆ 38 ಗುಂಟೆ. ಲ್ಯಾಪ್‌ಟಾಪ್ ತಗೊಂಡು ಊರಿಗೇ ಹೋಗಿ ತೋರ್ಸಿದೆ. ಕಾಕಾ ಚಷ್ಮಾ ಹಾಕೊಂಡು ನೋಡಿ ಪೈಪ್ ಮಾತ ಬಿಟ್ಟು, "ಎರಡ ಗುಂಟೆ ಎಲ್ಲಿ ಹೋತೋ?" ಅಂದ್ರು. ಇಬ್ಬರೂ ಬದುವಿಗೆ ಹೋಗಿ ನಿಂತಾಗ ಗೊತ್ತಾತು. ಬಾಂದ ಕಲ್ಲ ಇರೂದು ಬದುವಿನ ನಡುಕ, ಫೋಟೋದಾಗ ಹಸರ ಎಲ್ಲಿ ಮುಗಿತೈತಿ ಅಲ್ಲಿ ನಾ ಗೆರಿ ಎಳದೇನಿ, ಒಳಮಗ್ಗಲಿಗೆ. ಸುತ್ತಳತಿ 500 ಮೀಟರ್ ದಾಟ್ತೈತಿ, ಸುತ್ತೂ ಕಡಿ ಬರೇ 40 ಸೆಂಟಿಮೀಟರ್ ಒಳಗ ಬಂದ್ರ 200 ಚದರ ಮೀಟರ್ ಹೋತು, ಎರಡ ಗುಂಟೆ ಅಲ್ಲೇ ಆತು. ಮೊಬೈಲ್ ಜಿಪಿಎಸ್ ಅಂತೂ ಬಯಲಾಗ ನಿಂತ್ರೂ 5 ಮೀಟರ್ ಅತ್ತಾಗಿತ್ತಾಗ ಹೇಳ್ತೈತಿ, ಸ್ಯಾಟಲೈಟ್ ಫೋಟೋನೂ ಕೆಲವು ಮೀಟರ್ ಸರದಿರ್ತೈತಿ. ಹಿಂಗಾಗಿ ಇದನ್ನ ತಗೊಂಡು ಮಗ್ಗಲದವರ ಜೋಡಿ ಜಗಳಕ್ಕ ಹೋಗಬ್ಯಾಡ್ರಿ ಕಾಕಾ, ಅದಕ್ಕ ಮೋಜಣಿನ ಮಾಡಿಸಬೇಕು ಅಂತ ಹೇಳಿದೆ. "ಅವರ ಜೋಡಿ ಯಾಕ ಜಗಳ, ಅವರ ಬೋರಿನ ನೀರ ನಾವ ಕುಡಿಯೂದು" ಅಂದ್ರು.

ಪೈಪ್ ಲೆಕ್ಕ ಸಲೀಸಾತು, ಸಾಲಿಂದ ಸಾಲಿಗೆ 20 ಫೂಟ್, ಒಂದ ಸಾಲಿಗೆ ಒಂದ ಪೈಪ್, ಹೆಚ್ಚೂಕಡಿಮಿ 2,650 ಮೀಟರ್. ಕಾಕಾ ಹೆಜ್ಜಿ ಹಾಕಿ ಮದಲ 2,700 ಅಂತ ಲೆಕ್ಕಾ ಮಾಡಿ ಇಟ್ಟಿದ್ರಂತ, ಸುಮ್ನ ನನಗ ಪರೀಕ್ಷಾ.

ಆದ್ರ ಚಾ ಕುಡಿಯೂವಾಗ ಸ್ಕ್ರೀನ್ ಮ್ಯಾಲೆ ಬೆರಳ ಇಟ್ಟು "ಇಲ್ಲೊಂದ ಬೋರ್ ಹೊಡಸಿದ್ವಿ, ನೀ ಆಗ ಸಣ್ಣಾಂವ" ಅಂದ್ರು. ಯಾವ ಉತಾರದಾಗೂ ಇಲ್ಲದ್ದು, ಫೋಟೋದಾಗೂ ಕಾಣದ್ದು, ಮ್ಯಾಲೆ ಕಲ್ಲ ಮುಚ್ಚಿದ ಒಣಾ ಬೋರು. ನಾ ಹೊಸ ಚುಕ್ಕಿ ಲೇಯರ್ ತಗದೆ, ವರ್ಷ, ಆಳ, ನೀರು ಅಂತ ಮೂರ ಕಾಲಂ ಮಾಡಿದೆ, ಕ್ಲಿಕ್ ಮಾಡಿದೆ, ಫಾರ್ಮ್ ಎದ್ದ ಬಂತು. "ಆಳ ಎಷ್ಟ ಕಾಕಾ?" "ಬರಕೋ, 410 ಫೂಟ್. ನೀರು ಇಲ್ಲ ಅಂತ ಬರಿ. ಇನ್ನೊಂದು ಬೇವಿನ ಗಿಡದ ಬಡ್ಡಿಗೆ, ಅದು 520, ಅದರಾಗ ಎರಡ ತಿಂಗಳ ಇಂಚ ನೀರ ಬಂದಿತ್ತು, ಅದನ್ನ ಏನಂತ ಬರಿತಿ?"